‘ಆನ್ ಆಕ್ಸ್ ಟು ಗ್ರೈಂಡ್’: ಮೊಂಡು ಕೊಡಲಿಯ ಮಾತನ್ನು ಬಳಸುವ ಬಗೆ

ಹಲವು ವರ್ಷಗಳ ಹಿಂದೆ ನಿವೃತ್ತ ಅಧಿಕಾರಿಯೊಬ್ಬರು ಊರ ಕೆರೆಯ ಯೋಜನೆಯೊಂದನ್ನು ಕುರಿತು ಇಂಗ್ಲಿಷಿನಲ್ಲಿ ಮಾತನಾಡುತ್ತ, ‘ಐ ಹ್ಯಾವ್ ನೋ ಆಕ್ಸ್ ಟು ಗ್ರೈಂಡ್’ ಎಂದಿದ್ದರು. ಪತ್ರಿಕೆಯ ಕಚೇರಿಯಲ್ಲಿ ರಾತ್ರಿ ಪಾಳಿಯಲ್ಲಿ ಕುಳಿತಿದ್ದ ನಾನು ಅದನ್ನು ಅವಸರದಲ್ಲಿ ‘ನಾನು ಯಾರ ಮೇಲೂ ಕತ್ತಿ ಮಸೆಯುತ್ತಿಲ್ಲ’ ಎಂದು ಕನ್ನಡಕ್ಕೆ ಇಳಿಸಿ, ಪುಟ ಕಳುಹಿಸಿ, ಮನೆಗೆ ಹೋದೆ. ಮರುದಿನ ಅವರಿಗೆ ಬಂದ ಮೊದಲ ದೂರವಾಣಿ ಕರೆಯಲ್ಲಿ ಕೇಳಿದ ಪ್ರಶ್ನೆ, ‘ಯಾರ ಜೊತೆ ಸಾರ್ ನಿಮ್ಮ ಜಗಳ?’ ಎಂಬುದಂತೆ. ಅವರು ಹೇಳಿದ್ದರಲ್ಲಿ ಜಗಳದ ಸುಳಿವೇ ಇರಲಿಲ್ಲ. ಈ ಯೋಜನೆ ಆದರೂ ಬಿಟ್ಟರೂ ತಮಗೆ ಬರುವ ಲಾಭವೇನೂ ಇಲ್ಲ, ಆದ್ದರಿಂದ ತಮ್ಮ ಅಭಿಪ್ರಾಯವನ್ನು ನಂಬಬಹುದು ಎಂಬುದಷ್ಟೇ ಅವರ ಮಾತಿನ ಅರ್ಥವಾಗಿತ್ತು. ಇಲ್ಲದ ಹಗೆಯನ್ನು ನಾನು ಅನುವಾದದಲ್ಲಿ ಹುಟ್ಟಿಸಿದ್ದೆ.

ಈ ತಪ್ಪು ನನ್ನೊಬ್ಬನದೇ ಅಲ್ಲ ಎಂದು ಆಮೇಲೆ ಗೊತ್ತಾಯಿತು. ಇಂಗ್ಲಿಷಿನಲ್ಲಿ ಕೊಡಲಿ ಮಸೆಯುವವನು ಒಂದು ಬಗೆಯವನು, ಕನ್ನಡದಲ್ಲಿ ಕತ್ತಿ ಮಸೆಯುವವನು ಇನ್ನೊಂದು ಬಗೆಯವನು. ಇಬ್ಬರ ಕೈಯಲ್ಲೂ ಆಯುಧವಿದೆ, ಮುಂದೆ ಕಲ್ಲಿದೆ. ಆದರೆ ಮನಸ್ಸಿನಲ್ಲಿರುವುದು ಬೇರೆ ಬೇರೆ. ಕಚೇರಿಯ ಪತ್ರಗಳಲ್ಲಿ ಇಂಗ್ಲಿಷ್ ಬರೆಯುವವರಿಗೂ, ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರಿಗೂ ಈ ನುಡಿಗಟ್ಟನ್ನು ಎಲ್ಲಿ, ಹೇಗೆ ಬಳಸಬೇಕೆಂದು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ವಿವರಿಸಿದ್ದೇನೆ. ನಡುವೆ ಕೊಡಲಿಯನ್ನು ನಿಜವಾಗಿಯೂ ಮಸೆಯುವ ಕ್ರಮವೂ ಬರುತ್ತದೆ. ಆ ಕೆಲಸವನ್ನು ಒಮ್ಮೆಯಾದರೂ ಹತ್ತಿರದಿಂದ ನೋಡಿದವರಿಗೆ ಈ ಮಾತು ತಾನಾಗಿಯೇ ಬಿಡಿಸಿಕೊಳ್ಳುತ್ತದೆ ಎಂಬುದು ನನ್ನ ಅನುಭವ.

ಮೊದಲನೆಯದು: ‘ಗ್ರೈಂಡ್’ ಎಂದರೆ ಇಲ್ಲಿ ಯಾವ ಕೆಲಸ

ನಮ್ಮ ಮನೆಗಳಲ್ಲಿ ‘ಗ್ರೈಂಡ್ ಮಾಡು’ ಎಂದ ತಕ್ಷಣ ನೆನಪಾಗುವುದು ದೋಸೆ ಹಿಟ್ಟು. ಇಂಗ್ಲಿಷಿನ ಈ ಒಂದು ಕ್ರಿಯಾಪದ ಮಾಡುವ ಕೆಲಸವನ್ನು ಕನ್ನಡ ಐದಾರು ಪದಗಳಿಗೆ ಹಂಚಿಕೊಟ್ಟಿದೆ. ಹಿಟ್ಟನ್ನು ರುಬ್ಬುತ್ತೇವೆ, ರಾಗಿಯನ್ನು ಬೀಸುತ್ತೇವೆ, ಖಾರವನ್ನು ಅರೆಯುತ್ತೇವೆ, ಗಂಧವನ್ನು ತೇಯುತ್ತೇವೆ, ಸಿಟ್ಟು ಬಂದರೆ ಹಲ್ಲು ಕಡಿಯುತ್ತೇವೆ. ಆಯುಧವನ್ನು ಮಾತ್ರ ಮಸೆಯುತ್ತೇವೆ ಅಥವಾ ಸಾಣೆ ಹಿಡಿಯುತ್ತೇವೆ. ಗಂಧ ತೇಯುವ ಕಲ್ಲಿಗೂ ಚಾಕು ಮಸೆಯುವ ಕಲ್ಲಿಗೂ ಸಾಣೆಕಲ್ಲು ಎಂಬ ಒಂದೇ ಹೆಸರಿರುವುದು ಬೇರೆ ಮಾತು. ಅಲ್ಲಿ ಸವೆಯುವುದು ಗಂಧ, ಇಲ್ಲಿ ಸವೆಯುವುದು ಉಕ್ಕು.

ಆದ್ದರಿಂದ ‘ಆಕ್ಸ್ ಟು ಗ್ರೈಂಡ್’ ಎಂಬುದರ ಪದಶಃ ಅರ್ಥ ‘ಮಸೆಯಬೇಕಾದ ಕೊಡಲಿ’ ಎಂದು. ಮಸೆಯಬೇಕಾಗಿದೆ ಎಂದರೆ ಆ ಕೊಡಲಿ ಈಗ ಹರಿತವಾಗಿಲ್ಲ. ಇದು ಮುಖ್ಯ. ಈ ನುಡಿಗಟ್ಟನ್ನು ಕೇಳಿದವರ ಕಣ್ಣಿಗೆ ಸಾಮಾನ್ಯವಾಗಿ ಝಳಪಿಸುವ ಕೊಡಲಿ ಕಾಣಿಸುತ್ತದೆ. ಅಲ್ಲಿಂದಲೇ ದಾರಿ ತಪ್ಪುತ್ತದೆ. ಇಲ್ಲಿರುವುದು ಮೊಂಡು ಕೊಡಲಿ, ಅದನ್ನು ಹಿಡಿದು ನಿಂತವನು ಹೋರಾಟಕ್ಕೆ ಬಂದವನಲ್ಲ, ತನ್ನದೊಂದು ಕೆಲಸ ಆಗಬೇಕಾಗಿ ಬಂದವನು.

ಎರಡನೆಯದು: ಕೊಡಲಿಯನ್ನು ನಿಜವಾಗಿಯೂ ಮಸೆಯುವುದು

ತೋಟದ ಮನೆಯ ಮೂಲೆಯಲ್ಲಿ ಒಂದು ಕೊಡಲಿ ಇದ್ದರೆ ಅದನ್ನು ಹೊರಗೆ ತಂದು, ಬಾಯಿಯನ್ನು ನಿಮ್ಮ ಕಡೆಗೆ ತಿರುಗಿಸಿ, ಬಿಸಿಲಿಗೆ ಹಿಡಿದು ನೋಡಿ. ಅಂಚಿನುದ್ದಕ್ಕೂ ಕೂದಲೆಳೆಯಷ್ಟು ಬಿಳಿ ಗೆರೆ ಹೊಳೆದರೆ ಅದು ಮೊಂಡಾಗಿದೆ ಎಂದು ತಿಳಿಯಬೇಕು. ಹರಿತವಾದ ಬಾಯಿಗೆ ಬೆಳಕನ್ನು ಹಿಂದಿರುಗಿಸುವಷ್ಟು ಅಗಲವೇ ಇರುವುದಿಲ್ಲ, ಅದು ಕಣ್ಣಿಗೆ ಬರಿಯ ಕಪ್ಪಾಗಿ ಕಾಣುತ್ತದೆ. ಹೊಳೆಯುವುದೇ ಮೊಂಡುತನದ ಗುರುತು ಎಂಬ ಈ ಸಂಗತಿ ಮೊದಲ ಸಲ ಕೇಳಿದವರಿಗೆ ತಿರುಗುಮುರುಗಾಗಿ ತೋರುತ್ತದೆ. ನಡುನಡುವೆ ದೊಡ್ಡ ಹೊಳೆಯುವ ಚುಕ್ಕೆಗಳಿದ್ದರೆ ಅಲ್ಲಿ ಬಾಯಿ ಮುಕ್ಕಾಗಿದೆ ಎಂದರ್ಥ. ಕಲ್ಲಿಗೋ ಮೊಳೆಗೋ ತಾಗಿರಬೇಕು.

ಮುಕ್ಕು ಇದ್ದರೆ ಮೊದಲು ಅರದಿಂದ, ಅಂದರೆ ಲೋಹ ಉಜ್ಜುವ ಫೈಲಿನಿಂದ, ಉಜ್ಜಬೇಕು. ಕೊಡಲಿಯನ್ನು ಬೆಂಚಿಗೆ ಅಲುಗದಂತೆ ಬಿಗಿದುಕೊಂಡು, ದಪ್ಪ ಕೈಗವಸು ಹಾಕಿಕೊಂಡು, ಅರವನ್ನು ಒಂದೇ ದಿಕ್ಕಿಗೆ ತಳ್ಳಿ. ಅರ ಕೊರೆಯುವುದು ಮುಂದೆ ಹೋಗುವಾಗ ಮಾತ್ರ. ಹಿಂದಕ್ಕೆ ಎಳೆಯುವಾಗಲೂ ಒತ್ತಿ ಉಜ್ಜಿದರೆ ಅರದ ಹಲ್ಲು ಹೋಗುತ್ತದೆಯೇ ಹೊರತು ಕೊಡಲಿಗೆ ಪ್ರಯೋಜನವಿಲ್ಲ, ಆದ್ದರಿಂದ ಪ್ರತಿ ಸಲವೂ ಎತ್ತಿ ಹಿಂದೆ ತರಬೇಕು. ಇಳಿಜಾರಿನ ಕೋನವನ್ನು ಕಾಪಾಡುವುದೇ ಇಲ್ಲಿ ಕಷ್ಟದ ಭಾಗ. ಮರ ಕಡಿಯುವ ಕೊಡಲಿಗೆ ಎರಡೂ ಮಗ್ಗುಲು ಸೇರಿ ಸುಮಾರು 25ರಿಂದ 30 ಡಿಗ್ರಿ ಇದ್ದರೆ ಸಾಕು; ಸೌದೆ ಸೀಳುವುದಕ್ಕೆ ಇನ್ನೂ ದಪ್ಪವಾಗಿದ್ದರೂ ನಡೆಯುತ್ತದೆ. ಕೋನ ಅಳೆಯುವ ಸಾಧನ ಬೇಕಾಗಿಲ್ಲ. ಇಳಿಜಾರಿನ ಮೇಲೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದು, ನಾಲ್ಕು ಸಲ ಉಜ್ಜಿ ನೋಡಿ. ಬಣ್ಣ ಪೂರ್ತಿ ಅಗಲಕ್ಕೂ ಹೋಗಿದ್ದರೆ ಕೈ ಸರಿಯಾಗಿದೆ. ಅಂಚಿನಲ್ಲಿ ಮಾತ್ರ ಹೋಗಿದ್ದರೆ ಅರವನ್ನು ತೀರ ಎತ್ತಿ ಹಿಡಿದಿದ್ದೀರಿ, ಮೇಲುಗಡೆ ಮಾತ್ರ ಹೋಗಿದ್ದರೆ ತೀರ ಮಲಗಿಸಿದ್ದೀರಿ.

ಒಂದು ಮಗ್ಗುಲನ್ನು ಸಾಕಷ್ಟು ಉಜ್ಜಿದಾಗ ಇನ್ನೊಂದು ಮಗ್ಗುಲಿನ ಅಂಚಿನಲ್ಲಿ ತೆಳುವಾದ ಸಿಬಿರು ಏಳುತ್ತದೆ. ಹೆಬ್ಬೆರಳನ್ನು ಅಂಚಿನಿಂದ ಹೊರಕ್ಕೆ, ಅಡ್ಡಲಾಗಿ ಸರಿಸಿದರೆ ಅದು ಕೈಗೆ ಸಿಗುತ್ತದೆ. ಅಂಚಿನುದ್ದಕ್ಕೆ ಬೆರಳು ಎಳೆಯುವ ಸಾಹಸ ಬೇಡ. ಸಿಬಿರು ಎದ್ದ ಮೇಲೆ ಮಗ್ಗುಲು ಬದಲಿಸಬೇಕು. ಅನಂತರ ಕಾರ್ಬೊರಂಡಮ್ ಎಂಬ ಸಾಣೆಕಲ್ಲನ್ನು ನೀರಿನಲ್ಲಿ ನೆನೆಸಿ, ಮೊದಲು ಒರಟು ಮುಖದಿಂದ, ಆಮೇಲೆ ನುಣುಪು ಮುಖದಿಂದ ಸಣ್ಣ ಸಣ್ಣ ಸುತ್ತುಗಳಲ್ಲಿ ಉಜ್ಜಿದರೆ ಸಿಬಿರು ಹೋಗಿ ಬಾಯಿ ಕೂಡುತ್ತದೆ. ಕೊನೆಗೆ ಒಂದು ಹನಿ ಎಣ್ಣೆ ಸವರಿಡಬೇಕು. ಮಳೆಗಾಲದ ಮಲೆನಾಡಿನಲ್ಲಿ ಒಂದೇ ರಾತ್ರಿಗೆ ತುಕ್ಕು ಹತ್ತುವುದನ್ನು ನೋಡಿದ್ದೇನೆ.

ಮಾಡಬಾರದ ಕೆಲಸವೊಂದಿದೆ. ವಿದ್ಯುತ್ತಿನ ಗ್ರೈಂಡರಿಗೆ ಕೊಡಲಿಯನ್ನು ಒಣಗಿರುವಂತೆಯೇ ಒತ್ತಿ ಹಿಡಿದರೆ ಎರಡು ನಿಮಿಷದಲ್ಲಿ ಬಾಯಿ ಬಂದ ಹಾಗೆ ಕಾಣುತ್ತದೆ, ಅದರ ಜೊತೆಗೆ ಅಂಚಿನಲ್ಲಿ ನೀಲಿ ಬಣ್ಣವೂ ಕಾಣುತ್ತದೆ. ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಹದ ಕಳೆದುಕೊಂಡಿದೆ ಎಂಬುದಕ್ಕೆ ಆ ನೀಲಿಯೇ ಸಾಕ್ಷಿ. ಅಂಥ ಕೊಡಲಿ ನಾಲ್ಕು ಪೆಟ್ಟಿಗೆ ಮತ್ತೆ ಮೊಂಡಾಗುತ್ತದೆ, ಕುಲುಮೆಗೆ ಕೊಟ್ಟು ಮತ್ತೆ ಹದ ಹಾಕಿಸದೆ ಬೇರೆ ದಾರಿಯಿಲ್ಲ. ವರ್ಷಗಟ್ಟಲೆ ಮಸೆದು ಮಸೆದು ಬಾಯಿ ಹಿಂದೆ ಸರಿದು ಅಲಗು ದಪ್ಪವಾದಾಗಲೂ ಅಷ್ಟೇ, ಕಲ್ಲಿನಿಂದ ಆಗದು, ಕಮ್ಮಾರನಲ್ಲಿ ತಟ್ಟಿಸಬೇಕು. ಹೊಸ ಕೊಡಲಿ ತಂದ ದಿನ ‘ಇದೇನು ಕಾಕಾ, ಬೆಣ್ಣೆಯನ್ನೂ ಕೊಯ್ಯುವುದಿಲ್ಲವಲ್ಲ’ ಎಂದು ನಾನು ದೂರಿದಾಗ, ಕುಲುಮೆಯ ಹಿರಿಯರು ತಲೆ ಎತ್ತದೆ ಹೇಳಿದ್ದರು: ‘ಕಾಯಿಸಿ ತಟ್ಟಿಕೊಡೋದು ನಮ್ಮ ಕೆಲಸ. ಬಾಯಿ ಬರಿಸಿಕೊಳ್ಳೋದು ತಗೊಂಡವನ ಕೆಲಸ.’

ಈ ಮಾತು ಮುಂದಿನ ಕಥೆಗೆ ಬೇಕಾಗುತ್ತದೆ.

ಮೂರನೆಯದು: ಸಾಣೆ ತಿರುಗಿಸಿದ ಹುಡುಗನನ್ನು ನೆನಪಿನಲ್ಲಿಡಿ

ನಮ್ಮ ಬೀದಿಗಳಿಗೆ ಬರುವ ಸಾಣೆಯವನು ಸೈಕಲ್ಲನ್ನು ಸ್ಟ್ಯಾಂಡಿಗೆ ನಿಲ್ಲಿಸಿ, ಮೇಲೆ ಕುಳಿತು ಪೆಡಲ್ ತುಳಿಯುತ್ತ, ಕೈಯಲ್ಲಿ ಕತ್ತರಿ ಹಿಡಿದು, ಒಬ್ಬನೇ ಎಲ್ಲವನ್ನೂ ಮಾಡಿ ಮುಗಿಸುತ್ತಾನೆ. ಇನ್ನೂರು ವರ್ಷಗಳ ಹಿಂದಿನ ಅಮೆರಿಕದ ಹಳ್ಳಿಮನೆಯ ಸಾಣೆ ಹೀಗಿರಲಿಲ್ಲ. ಅದು ಮರದ ಚೌಕಟ್ಟಿನಲ್ಲಿ ಕೂರಿಸಿದ ದೊಡ್ಡ ಮರಳುಗಲ್ಲಿನ ಚಕ್ರ, ಪಕ್ಕದಲ್ಲಿ ತಿರುಗಿಸುವ ಹಿಡಿಕೆ. ಕೊಡಲಿಯನ್ನು ಕಲ್ಲಿಗೆ ಒತ್ತಿ ಹಿಡಿಯಲು ಎರಡು ಕೈ ಬೇಕು, ಹಿಡಿಕೆ ತಿರುಗಿಸಲು ಇನ್ನೊಬ್ಬನೇ ಬೇಕು. ಕೊಡಲಿ ನನ್ನದು, ಬೆವರು ನಿನ್ನದು ಎಂಬ ಏರ್ಪಾಡು ಆ ಯಂತ್ರದ ರಚನೆಯಲ್ಲಿಯೇ ಇತ್ತು.

ಪೆನ್ಸಿಲ್ವೇನಿಯಾದ ವಿಲ್ಕ್ಸ್-ಬ್ಯಾರಿ ಎಂಬ ಊರಿನಲ್ಲಿ ಪತ್ರಿಕೆ ನಡೆಸುತ್ತಿದ್ದ, ಮುಂದೆ ಅಮೆರಿಕದ ಕಾಂಗ್ರೆಸ್ಸಿಗೂ ಆಯ್ಕೆಯಾದ ಚಾರ್ಲ್ಸ್ ಮೈನರ್ 1810ರ ಸುಮಾರಿಗೆ ಬರೆದ ಒಂದು ಸಣ್ಣ ಪ್ರಬಂಧದಲ್ಲಿ ಈ ಏರ್ಪಾಡೇ ಕಥೆಯಾಗಿದೆ. ಚಳಿಗಾಲದ ಬೆಳಿಗ್ಗೆ ಹೆಗಲ ಮೇಲೆ ಕೊಡಲಿ ಹೊತ್ತ ಅಪರಿಚಿತನೊಬ್ಬ ಹುಡುಗನ ಹತ್ತಿರ ನಗುನಗುತ್ತ ಬಂದು, ನಿಮ್ಮ ಮನೆಯಲ್ಲಿ ಸಾಣೆಯಿದೆಯೇ ಎಂದು ಕೇಳುತ್ತಾನೆ. ಜಾಣ ಹುಡುಗ, ಒಳ್ಳೆಯ ಹುಡುಗ ಎಂದು ಹೊಗಳಿ ಅಟ್ಟಕ್ಕೇರಿಸುತ್ತಾನೆ. ಉಬ್ಬಿಹೋದ ಹುಡುಗ ಬಿಸಿನೀರು ತಂದುಕೊಟ್ಟು ಹಿಡಿಕೆ ತಿರುಗಿಸತೊಡಗುತ್ತಾನೆ. ಕೊಡಲಿ ಹೊಸದು, ಎಷ್ಟು ತಿರುಗಿಸಿದರೂ ಬಾಯಿ ಬರುವುದಿಲ್ಲ. ಶಾಲೆಯ ಗಂಟೆ ಹೊಡೆಯುತ್ತದೆ, ಅಂಗೈಯಲ್ಲಿ ಬೊಬ್ಬೆ ಏಳುತ್ತದೆ, ಬಿಟ್ಟು ಹೋಗುವಂತಿಲ್ಲ. ಕೊನೆಗೆ ಕೊಡಲಿ ಹರಿತವಾದ ಕ್ಷಣದಲ್ಲಿ ಆ ಮನುಷ್ಯ ದನಿ ಬದಲಿಸಿ, ಶಾಲೆಗೆ ಚಕ್ಕರ್ ಹೊಡೆದಿದ್ದೀಯಾ, ಓಡು, ಇಲ್ಲದಿದ್ದರೆ ಗೊತ್ತಲ್ಲ ಎಂದು ಗದರಿಸಿ ಕಳುಹಿಸುತ್ತಾನೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ನಮ್ಮ ಕಡೆಯ ಮಾತು ಇಲ್ಲಿ ಹಾಗೆಯೇ ಕೂಡಿಕೊಳ್ಳುತ್ತದೆ. ದೊಡ್ಡವನಾದ ಆ ಹುಡುಗ, ಗಿರಾಕಿಗೆ ಅತಿಯಾಗಿ ಉಪಚಾರ ಮಾಡುವ ಅಂಗಡಿಯವನನ್ನು ಕಂಡಾಗಲೆಲ್ಲ, ಇವನಿಗೆ ಮಸೆಯಬೇಕಾದ ಕೊಡಲಿಯೊಂದಿದೆ ಎಂದುಕೊಳ್ಳುತ್ತಾನೆ. ಜನರನ್ನು ಓಲೈಸುವ ರಾಜಕಾರಣಿಯನ್ನು ಕಂಡಾಗ, ಇವನು ನಿಮ್ಮಿಂದ ಸಾಣೆ ತಿರುಗಿಸಿಕೊಳ್ಳುವವನು ಎಂದು ಎಚ್ಚರಿಸುತ್ತಾನೆ.

ಈ ಕಥೆಯನ್ನು ಬೆಂಜಮಿನ್ ಫ್ರಾಂಕ್ಲಿನ್ ಹೆಸರಿಗೆ ಕಟ್ಟಿದ ಪುಸ್ತಕಗಳು ಬೇಕಾದಷ್ಟಿವೆ. ಫ್ರಾಂಕ್ಲಿನ್ ತೀರಿಕೊಂಡದ್ದು 1790ರಲ್ಲಿ. ಅವರ ಆತ್ಮಕಥೆಯಲ್ಲೂ ಕೊಡಲಿ ಮಸೆಯುವ ಪ್ರಸಂಗವೊಂದು ಬರುವುದರಿಂದ ಗೊಂದಲ ಹುಟ್ಟಿರಬೇಕು. ಅಲ್ಲಿ ಕೊಡಲಿ ಕೊಂಡವನು ಅದರ ಮೈಯೆಲ್ಲ ಬಾಯಿಯಷ್ಟೇ ಹೊಳೆಯಬೇಕೆಂದು ಹಟ ಹಿಡಿಯುತ್ತಾನೆ, ಹಾಗಾದರೆ ಚಕ್ರ ನೀನೇ ತಿರುಗಿಸು ಎಂದು ಕಮ್ಮಾರ ಒಪ್ಪುತ್ತಾನೆ, ತಿರುಗಿಸಿ ಸುಸ್ತಾದ ಮೇಲೆ ಕೊಂಡವನಿಗೆ ಚುಕ್ಕೆ ಚುಕ್ಕೆಯ ಕೊಡಲಿಯೇ ಚೆಂದ ಕಾಣುತ್ತದೆ. ಅದು ತನ್ನ ಕೆಲಸಕ್ಕೆ ತಾನೇ ದುಡಿದವನ ಕಥೆ, ನಮ್ಮ ನುಡಿಗಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಇದೇ ಜಾಡಿನಲ್ಲಿ ಇನ್ನೊಂದು ಎಚ್ಚರಿಕೆ: ಮರ ಕಡಿಯಲು ಆರು ಗಂಟೆ ಕೊಟ್ಟರೆ ನಾಲ್ಕು ಗಂಟೆ ಕೊಡಲಿ ಮಸೆಯುತ್ತೇನೆ ಎಂದು ಅಬ್ರಹಾಂ ಲಿಂಕನ್ ಹೇಳಿದರೆಂಬ, ವಾಟ್ಸಾಪಿನಲ್ಲಿ ದಿನವೂ ಓಡಾಡುವ ಮಾತಿಗೆ ಅವರ ಬರಹ, ಭಾಷಣಗಳಲ್ಲಿ ಆಧಾರವಿಲ್ಲ. ಅದು ಪೂರ್ವತಯಾರಿಯ ಮಾತು. ಅದನ್ನು ನಮ್ಮ ನುಡಿಗಟ್ಟಿನ ವಿವರಣೆಯಾಗಿ ಬಳಸುವುದು ಎರಡು ತಪ್ಪುಗಳನ್ನು ಒಟ್ಟಿಗೆ ಮಾಡಿದಂತೆ.

ನಾಲ್ಕನೆಯದು: ಸ್ವಾರ್ಥವೋ ಸಿಟ್ಟೋ ಎಂದು ನಿರ್ಧರಿಸಿ

ಈಗ ಒಂದು ವಾಕ್ಯ ನಿಮ್ಮ ಮುಂದೆ ಬಂದಿದೆ ಎಂದುಕೊಳ್ಳೋಣ. ಅದರಲ್ಲಿರುವುದು ನಿಜವಾದ ಕೊಡಲಿಯೇ ಎಂಬುದನ್ನು ಮೊದಲು ನೋಡಬೇಕು. ಹಾರ್ಡ್‌ವೇರ್ ಅಂಗಡಿಯ, ಬಡಗಿಯ, ತೋಟದ ಸಂದರ್ಭದಲ್ಲಿ ‘ಐ ಹ್ಯಾವ್ ಆನ್ ಆಕ್ಸ್ ಟು ಗ್ರೈಂಡ್’ ಎಂದರೆ ಮಸೆಯಲು ಒಂದು ಕೊಡಲಿ ಇದೆ ಎಂದಷ್ಟೇ ಅರ್ಥವಾಗಬಹುದು. ಆದರೆ ನುಡಿಗಟ್ಟು ಎಷ್ಟು ಬಲವಾಗಿ ಬೇರೂರಿದೆಯೆಂದರೆ, ಇಂಗ್ಲಿಷ್ ಮನೆಮಾತಿನವರು ನಿಜವಾದ ಕೊಡಲಿಯ ವಿಷಯ ಹೇಳುವಾಗ ಬೇಕೆಂದೇ ‘ಶಾರ್ಪನ್’ ಎಂಬ ಪದವನ್ನು ಬಳಸುತ್ತಾರೆ, ಇಲ್ಲವೇ ಕೇಳುವವರು ನಗುತ್ತಾರೆಂದು ಗೊತ್ತಿದ್ದೇ ಶ್ಲೇಷೆಗಾಗಿ ‘ಗ್ರೈಂಡ್’ ಎನ್ನುತ್ತಾರೆ. ನಿಮ್ಮ ಕೊಡಲಿಗೆ ಸಾಣೆ ಹಿಡಿಸಬೇಕಾಗಿದ್ದರೆ ಅಂಗಡಿಯವನಿಗೆ ‘ಶಾರ್ಪನ್’ ಎಂದೇ ಹೇಳಿ.

ಅಲಂಕಾರವೆಂದು ಖಚಿತವಾದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಮಾತನಾಡಿದವನಿಗೆ ಇದರಿಂದ ಏನು ಸಿಗುತ್ತದೆ ಎಂಬುದು ಇಲ್ಲಿನ ವಿಷಯವೇ, ಅಥವಾ ಅವನಿಗೆ ಯಾರ ಮೇಲೆ ಅಸಮಾಧಾನವಿದೆ ಎಂಬುದೇ? ಮೊದಲನೆಯದೇ ಮೂಲದ ಅರ್ಥ, ಬ್ರಿಟನ್ನಿನ ಬಳಕೆಯಲ್ಲಿ ಈಗಲೂ ಬಲವಾಗಿರುವ ಅರ್ಥ, ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳಲ್ಲಿಯೂ ಹೆಚ್ಚಾಗಿ ಕಾಣುವ ಅರ್ಥ. ಮೇಲ್ನೋಟಕ್ಕೆ ನಿಷ್ಪಕ್ಷಪಾತವಾಗಿ ಕಾಣುವ ಮಾತಿನ ಹಿಂದೆ ಖಾಸಗಿ ಉದ್ದೇಶವಿದೆ ಎಂಬುದು ಅದರ ತಿರುಳು. ಎರಡನೆಯದು ಮುಖ್ಯವಾಗಿ ಅಮೆರಿಕದಲ್ಲಿ ಬೆಳೆದದ್ದು. ಅಲ್ಲಿ ‘ವಿತ್’ ಎಂಬ ಪದ ಸೇರಿಸಿ, ಇಂಥವರೊಂದಿಗೆ ಇವನದೊಂದು ಕೊಡಲಿ ಇದೆ ಎಂದರೆ ಹಳೆಯ ತಕರಾರೊಂದು ಬಾಕಿ ಇದೆ ಎಂದರ್ಥ. ಅಲ್ಲಿನ ನಿಘಂಟುಗಳೂ ಈ ಅರ್ಥವನ್ನು ದಾಖಲಿಸುವುದರಿಂದ ಅದನ್ನು ತಪ್ಪೆಂದು ತಳ್ಳಿಹಾಕಲು ಬರುವುದಿಲ್ಲ. ಆದರೂ ಹುಡುಗನ ಕಥೆಯನ್ನು ಓದಿದವರಿಗೆ ಮೊದಲನೆಯ ಅರ್ಥದಲ್ಲಿರುವ ಸೊಗಸು ಎರಡನೆಯದರಲ್ಲಿ ಸಿಗದು. ಕೊಡಲಿಯವನಿಗೆ ಹುಡುಗನ ಮೇಲೆ ಸಿಟ್ಟೇನೂ ಇರಲಿಲ್ಲ.

ಗುರುತು ಹಿಡಿಯಲು ಕೆಲವು ಸುಳಿವುಗಳಿವೆ. ವಾಕ್ಯ ‘ನೋ ಆಕ್ಸ್’ ಎಂದು ನಿಷೇಧದಲ್ಲಿದ್ದರೆ ಬಹುಪಾಲು ಸಂದರ್ಭಗಳಲ್ಲಿ ಅದು ಸ್ವಾರ್ಥವಿಲ್ಲವೆಂಬ ಭರವಸೆ. ಹಣ, ಹುದ್ದೆ, ಚುನಾವಣೆ, ಗುತ್ತಿಗೆ, ಪುಸ್ತಕ ವಿಮರ್ಶೆ ಇವುಗಳ ನೆರೆಹೊರೆಯಲ್ಲಿದ್ದರೂ ಅದೇ. ವ್ಯಕ್ತಿಯೊಬ್ಬರ ಹೆಸರಿನ ಹಿಂದೆ ‘ವಿತ್’ ಬಂದು, ಅದಕ್ಕಿಂತ ಮುಂಚೆ ಜಗಳದ ಇತಿಹಾಸವೂ ಇದ್ದರೆ ಅಸಮಾಧಾನದ ಅರ್ಥ ತೆಗೆದುಕೊಳ್ಳಬಹುದು.

ಐದನೆಯದು: ಇಂಗ್ಲಿಷಿನಲ್ಲಿ ಬರೆಯುವಾಗ

ನುಡಿಗಟ್ಟಿನ ಅಂಗಾಂಗಗಳನ್ನು ಬದಲಿಸಬಾರದು. ಕೊಡಲಿಯ ಬದಲು ಚಾಕು, ಕತ್ತಿ ಇಡುವಂತಿಲ್ಲ, ‘ಗ್ರೈಂಡ್’ ಬದಲು ‘ಶಾರ್ಪನ್’ ಇಡುವಂತಿಲ್ಲ. ಇಟ್ಟರೆ ವ್ಯಾಕರಣ ಸರಿಯಿದ್ದರೂ ನುಡಿಗಟ್ಟು ಸತ್ತು, ಓದುವವನು ನಿಜವಾದ ಆಯುಧವನ್ನು ಕಲ್ಪಿಸಿಕೊಳ್ಳುತ್ತಾನೆ. ಒಬ್ಬನಿಗೆ ‘ಆನ್ ಆಕ್ಸ್’, ಇಲ್ಲವೆನ್ನುವಾಗ ‘ನೋ ಆಕ್ಸ್’, ಬೇರೆ ಬೇರೆ ಉದ್ದೇಶದ ಹಲವರಿದ್ದರೆ ‘ಆಕ್ಸಸ್’ ಎಂಬ ಬಹುವಚನವೂ ನಡೆಯುತ್ತದೆ. ಅಮೆರಿಕದ ಪತ್ರಿಕೆಗಳು ಪದದ ಕೊನೆಯ ‘ಇ’ ಅಕ್ಷರವನ್ನು ಬಿಟ್ಟು ಬರೆಯುವುದುಂಟು, ನಮ್ಮಲ್ಲಿ ಬ್ರಿಟಿಷ್ ಕಾಗುಣಿತವೇ ರೂಢಿ.

ಎಲ್ಲಿ ಬಳಸಬೇಕೆಂಬುದು ಹೇಗೆ ಬಳಸಬೇಕೆಂಬುದಕ್ಕಿಂತ ಸೂಕ್ಷ್ಮವಾದದ್ದು. ತನ್ನನ್ನು ಕುರಿತು ನಿಷೇಧದಲ್ಲಿ ಹೇಳಿಕೊಳ್ಳುವುದು ಸುರಕ್ಷಿತ. ಸಭೆಯಲ್ಲಿ, ಸಂಪಾದಕರಿಗೆ ಬರೆಯುವ ಪತ್ರದಲ್ಲಿ, ಸಹೋದ್ಯೋಗಿಗೆ ಸಲಹೆ ಕೊಡುವಾಗ ಅದು ಮೃದುವಾಗಿಯೇ ಕೇಳಿಸುತ್ತದೆ. ಇನ್ನೊಬ್ಬರ ಬಗ್ಗೆ ಹೇಳಿದ ತಕ್ಷಣ ಅದು ಆರೋಪವಾಗುತ್ತದೆ, ಮಾತಿನ ಹಿಂದೆ ಮರೆಮಾಚಿದ ಉದ್ದೇಶವಿದೆ ಎಂದು ಬಹಿರಂಗವಾಗಿ ಹೇಳಿದಂತೆ. ಮೇಲಧಿಕಾರಿಗೆ ಬರೆಯುವ ಇಮೇಲಿನಲ್ಲಿ ಪಕ್ಕದ ವಿಭಾಗದವರ ಬಗ್ಗೆ ಇದನ್ನು ಬರೆದು, ಆ ಇಮೇಲು ಪಕ್ಕದ ವಿಭಾಗಕ್ಕೂ ಹೋಗಿ, ಆಮೇಲೆ ‘ಅದು ಬರೀ ನುಡಿಗಟ್ಟು’ ಎಂದು ಸಮಜಾಯಿಷಿ ಕೊಟ್ಟವರನ್ನು ನಾನು ಬಲ್ಲೆ. ಸಂಶೋಧನಾ ಲೇಖನದಲ್ಲಿ, ಟೆಂಡರ್ ಸಮಿತಿಯ ಮುಂದೆ, ನ್ಯಾಯಾಲಯದ ಕಾಗದದಲ್ಲಿ ಈ ಅಲಂಕಾರಕ್ಕೆ ಜಾಗವಿಲ್ಲ. ಅಲ್ಲಿ ‘ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್’ ಎಂಬ ನೇರ ಪದವನ್ನೇ ಬಳಸಬೇಕು, ಹಿತಾಸಕ್ತಿ ಏನೆಂದು ಬಿಡಿಸಿಯೂ ಹೇಳಬೇಕು.

ಅಕ್ಕಪಕ್ಕದ ಮಾತುಗಳೊಂದಿಗೆ ಬೆರೆಸಬಾರದು. ‘ಗೆಟ್ ದಿ ಆಕ್ಸ್’ ಎಂದರೆ ಕೆಲಸ ಕಳೆದುಕೊಳ್ಳುವುದು, ‘ಬರಿ ದಿ ಹ್ಯಾಚೆಟ್’ ಎಂದರೆ ಹಗೆ ಮರೆತು ರಾಜಿಯಾಗುವುದು, ‘ನೋಸ್ ಟು ದಿ ಗ್ರೈಂಡ್‌ಸ್ಟೋನ್’ ಎಂದರೆ ತಲೆ ಎತ್ತದೆ ದುಡಿಯುವುದು. ‘ಬ್ಲಂಟ್’ ಎಂಬ ಪದದಲ್ಲಿಯೂ ಗುಂಡಿಯಿದೆ. ಕನ್ನಡದಲ್ಲಿ ಮೊಂಡ ಎಂದರೆ ಹಟಮಾರಿ, ಇಂಗ್ಲಿಷಿನಲ್ಲಿ ‘ಬ್ಲಂಟ್’ ಮನುಷ್ಯ ಎಂದರೆ ಮುಖಕ್ಕೆ ಹೊಡೆದ ಹಾಗೆ ಮಾತನಾಡುವವನು. ನಾವು ಅಂಥ ಮಾತಿಗೆ ಕಡ್ಡಿ ಮುರಿದಂತೆ, ಖಡಾಖಂಡಿತವಾಗಿ ಎನ್ನುತ್ತೇವೆ. ನೇರ ಮಾತು ನಮಗೆ ಕಡಿದು ತುಂಡು ಮಾಡುವಂಥದ್ದು, ಅವರಿಗೆ ಬಾಯಿಲ್ಲದ ಆಯುಧದಿಂದ ಹೊಡೆಯುವಂಥದ್ದು. ಮಗನ ಮೊಂಡುತನವನ್ನು ಶಾಲೆಯ ಇಂಗ್ಲಿಷ್ ಫಾರಂನಲ್ಲಿ ‘ಬ್ಲಂಟ್’ ಎಂದು ತುಂಬಿದರೆ ಅವರು ಅದನ್ನು ಪ್ರಾಮಾಣಿಕತೆಯೆಂದು ತಿಳಿದಾರು.

ಆರನೆಯದು: ಕನ್ನಡಕ್ಕೆ ತರುವಾಗ

ಮಸೆ ಎಂಬ ಕ್ರಿಯಾಪದವನ್ನು ಕಂಡರೆ ಅನುವಾದಕನ ಕೈ ತಾನಾಗಿ ಅತ್ತ ಹೋಗುತ್ತದೆ. ಕನ್ನಡದಲ್ಲಿ ಕತ್ತಿ ಮಸೆಯುವುದೆಂದರೆ ಸಮಯ ಕಾಯುತ್ತ ಸೇಡಿಗೆ ಸಿದ್ಧವಾಗುವುದು, ಹಲ್ಲು ಮಸೆಯುವುದೆಂದರೆ ಒಳಗೊಳಗೇ ದ್ವೇಷ ಸಾಧಿಸುವುದು. ಎರಡೂ ಯಾರದೋ ‘ಮೇಲೆ’ ನಡೆಯುತ್ತವೆ. ಎದುರಾಳಿಯಿಲ್ಲದೆ ಆ ವಾಕ್ಯ ನಿಲ್ಲುವುದಿಲ್ಲ. ಇಂಗ್ಲಿಷ್ ನುಡಿಗಟ್ಟಿನ ಮೂಲದ ಅರ್ಥದಲ್ಲಿ ಎದುರಾಳಿಯೇ ಇಲ್ಲ, ಇರುವುದು ಬಳಸಿಕೊಳ್ಳಲ್ಪಡುವ ಹುಡುಗ ಮಾತ್ರ. ಹೀಗಾಗಿ ಅಮೆರಿಕದ ಅಸಮಾಧಾನದ ಅರ್ಥ ಖಚಿತವಾದಾಗ ಹಲ್ಲು ಮಸೆಯುವುದನ್ನು ಬಳಸಬಹುದು, ಅದೂ ಮೂಲಕ್ಕಿಂತ ಒಂದು ಪಟ್ಟು ಹೆಚ್ಚು ಖಾರವಾಗುತ್ತದೆಂದು ಗೊತ್ತಿದ್ದು. ‘ಹಳೆಯ ಲೆಕ್ಕ ಬಾಕಿಯಿದೆ’ ಎಂದರೆ ಖಾರ ಹದಕ್ಕೆ ಬರುತ್ತದೆ.

ಸ್ವಾರ್ಥದ ಅರ್ಥಕ್ಕೆ ನಮ್ಮಲ್ಲಿ ಸಿದ್ಧವಾಗಿಯೇ ಇರುವುದು ಬೇಳೆ ಬೇಯಿಸಿಕೊಳ್ಳುವುದು. ಅಲ್ಲಿಯೂ ಇಲ್ಲಿಯ ಹಾಗೆಯೇ ಒಲೆ ಇನ್ನೊಬ್ಬರದು, ಸೌದೆ ಇನ್ನೊಬ್ಬರದು, ಬೇಳೆ ಮಾತ್ರ ತನ್ನದು. ‘ಅವರೆಲ್ಲ ತಮ್ಮ ತಮ್ಮ ಬೇಳೆ ಬೇಯಿಸಿಕೊಳ್ಳಲು ಬಂದವರು’ ಎಂಬ ವಾಕ್ಯದಲ್ಲಿ ಕೊಡಲಿಯವನೂ ಸಾಣೆಯೂ ಪೂರ್ತಿಯಾಗಿ ಬಂದುಬಿಡುತ್ತವೆ. ಆದರೆ ಈ ಮಾತಿನಲ್ಲಿ ಒಂದು ವ್ಯಂಗ್ಯವಿದೆ, ಸ್ವಲ್ಪ ಬೀದಿಯ ಸೊಗಡೂ ಇದೆ. ನಿವೃತ್ತ ನ್ಯಾಯಾಧೀಶರೋ ವಿಜ್ಞಾನಿಯೋ ಗಂಭೀರವಾಗಿ ಹೇಳಿದ್ದನ್ನು ಅನುವಾದಿಸುವಾಗ ನುಡಿಗಟ್ಟಿಗೆ ನುಡಿಗಟ್ಟೇ ಸಿಗಬೇಕೆಂಬ ಹಟ ಬಿಟ್ಟು, ‘ಇದರಲ್ಲಿ ನನ್ನದೇನೂ ಸ್ವಾರ್ಥವಿಲ್ಲ’, ‘ಇದರಿಂದ ನನಗಾಗಬೇಕಾದ್ದು ಏನೂ ಇಲ್ಲ’ ಎಂದು ಸರಳವಾಗಿ ಬರೆಯುವುದೇ ಮೇಲು. ‘ನನಗಾಗಬೇಕಾದ್ದು’ ಎಂಬ ಪದದಲ್ಲಿ ಮಸೆಯಬೇಕಾದ ಕೊಡಲಿಯ ಬಾಕಿ ಕೆಲಸದ ಧ್ವನಿ ಉಳಿದುಕೊಳ್ಳುತ್ತದೆ, ಆದ್ದರಿಂದ ನನಗೆ ಅದು ಹೆಚ್ಚು ಇಷ್ಟ. ‘ಮಸೆಯಲು ನನ್ನ ಬಳಿ ಕೊಡಲಿಯಿಲ್ಲ’ ಎಂಬ ಪದಶಃ ಅನುವಾದ ಕಥೆ ಗೊತ್ತಿಲ್ಲದ ಓದುಗನಿಗೆ ಏನನ್ನೂ ಹೇಳುವುದಿಲ್ಲ. ಕೊಡಲಿ ಎಂದೊಡನೆ ಅವನಿಗೆ ನೆನಪಾಗುವುದು ಕೊಡಲಿ ಪೆಟ್ಟು, ಇಲ್ಲವೇ ಕುಲಕ್ಕೆ ಮೂಲವಾದ ಕೊಡಲಿ ಕಾವು.

ಶ್ಲೇಷೆಯಿರುವ ವಾಕ್ಯ ಬಂದರೆ ಮಾತ್ರ ಕೊಡಲಿಯನ್ನು ಬಿಡುವಂತಿಲ್ಲ. ಮರ ಕಡಿಯುವ ಗುತ್ತಿಗೆದಾರನೊಬ್ಬ ಅರಣ್ಯ ನೀತಿಯನ್ನು ಕುರಿತು ಮಾತನಾಡಿದಾಗ ಇಂಗ್ಲಿಷ್ ಲೇಖಕ ಬೇಕೆಂದೇ ಅವನಿಗೆ ‘ಆಕ್ಸ್ ಟು ಗ್ರೈಂಡ್’ ಇದೆ ಎಂದಿದ್ದರೆ, ಕನ್ನಡದಲ್ಲಿ ‘ಅವನ ಕೊಡಲಿಯೂ ಹರಿತವಾಗಬೇಕು, ಅವನ ಬೇಳೆಯೂ ಬೇಯಬೇಕು’ ಎಂದು ಎರಡನ್ನೂ ಜೋಡಿಸಿದರೆ ಬಿಗಿ ಉಳಿಯುತ್ತದೆ. ಎರಡು ಅರ್ಥಗಳಲ್ಲಿ ಯಾವುದೆಂದು ಎಷ್ಟು ಓದಿದರೂ ತೀರ್ಮಾನವಾಗದಿದ್ದರೆ, ಹೇಳಿದವರು ಸಿಗುವವರಾಗಿದ್ದರೆ, ಅವರನ್ನೇ ಕೇಳಿಬಿಡಿ. ಕೆರೆಯ ವಿಷಯದ ಆ ಅಧಿಕಾರಿಗೆ ನಾನು ಎರಡನೆಯ ದಿನ ಫೋನ್ ಮಾಡಿ ಕ್ಷಮೆ ಕೇಳಿದಾಗ ಅವರು ನಕ್ಕು, ‘ನಮ್ಮ ಅಜ್ಜಿ ಇದ್ದಿದ್ದರೆ, ನಂಗೇನು ಇದರಿಂದ ಮೂರು ಕಾಸು ಹುಟ್ಟುತ್ತಾ ಅಂತ ಹೇಳ್ತಿದ್ದರು, ಹಾಗೇ ಹಾಕಿ’ ಎಂದರು. ತಿದ್ದುಪಡಿಯಲ್ಲಿ ಹಾಗೆಯೇ ಹಾಕಿದೆವು.